ಮೊದಲು ಮಗುಚಿ ನೋಡಿ

ಎರಡನೆಯ ಮಹಾಯುದ್ಧ ಕಾಲದ ತೋಳಿನ ಬಿಲ್ಲೆ ಕೈಗೆ ಬಂದರೆ ಮೊದಲು ಅದನ್ನು ಮಗುಚಿ. ಮುಂಭಾಗದ ಚಿತ್ರವನ್ನು ನಕಲು ಮಾಡುವುದು ಈಗ ಏನೇನೂ ಕಷ್ಟವಲ್ಲ. ಕಂಪ್ಯೂಟರ್ ಕಸೂತಿ ಯಂತ್ರಕ್ಕೆ ಒಂದು ಫೋಟೊ ಕೊಟ್ಟರೆ ಮುಗಿಯಿತು. ಹಿಂಭಾಗದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವ ನಕಲಿಗಾರರು ಕಡಿಮೆ. 1940ರ ದಶಕದ ಅಮೆರಿಕದ ಬಿಲ್ಲೆಯಾದರೆ ಹಿಂದೆ ಸಾಮಾನ್ಯವಾಗಿ ಬಿಳಿಯ ಹತ್ತಿದಾರ ಒತ್ತೊತ್ತಾಗಿ ಹರಡಿರುತ್ತದೆ, ಒಂದು ಬಣ್ಣದಿಂದ ಇನ್ನೊಂದಕ್ಕೆ ಸೂಜಿ ಹಾರಿದ ಕಡೆ ಎಳೆಗಳು ಸಡಿಲವಾಗಿ ಜೋತಿರುತ್ತವೆ. ಅಂಚನ್ನು ಕತ್ತರಿಯಲ್ಲಿ ಕತ್ತರಿಸಿರುತ್ತಾರೆ, ಹೊಲಿಗೆಯಿಂದಾಚೆಗೆ ಬಟ್ಟೆಯ ತೆಳುವಾದ ಗೆರೆಯೊಂದು ಉಳಿದಿರುತ್ತದೆ. ಸುತ್ತಲೂ ಹಗ್ಗ ಹೊಸೆದಂತೆ ದಪ್ಪಗೆ ಸುತ್ತಿದ ಅಂಚು ಕಂಡರೆ ಅನುಮಾನಪಡಿ, ಆ ಅಂಚು ಸಾಮಾನ್ಯವಾದದ್ದು 1960ರ ದಶಕದಿಂದ ಈಚೆಗೆ. ಹಿಂದೆ ಪ್ಲಾಸ್ಟಿಕ್ ಪದರ ಅಂಟಿಸಿದ್ದರೆ ಚೌಕಾಸಿಗೂ ನಿಲ್ಲಬೇಡಿ.

ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಜೇಬಿನಲ್ಲಿದ್ದರೆ ಒಳ್ಳೆಯದು. ಕತ್ತಲಲ್ಲಿ ಬೆಳಕು ಬಿಟ್ಟಾಗ ಹಳೆಯ ಹತ್ತಿ ಮಂಕಾಗಿಯೇ ಉಳಿಯುತ್ತದೆ. ಈಗಿನ ಕೃತಕ ದಾರ ಬಹುಮಟ್ಟಿಗೆ ನೀಲಿ ಬಿಳುಪಾಗಿ ಹೊಳೆಯುತ್ತದೆ. ಆದರೆ ಇದೊಂದನ್ನೇ ನಂಬಿ ತೀರ್ಪು ಕೊಡುವುದು ತಪ್ಪು. ಬಟ್ಟೆಗೆ ಬಿಳುಪು ಕೊಡುವ ರಾಸಾಯನಿಕಗಳು ಯುದ್ಧದ ನಂತರ ಸೋಪಿನ ಪುಡಿಗಳಲ್ಲಿ ಸಾಮಾನ್ಯವಾದವು. ಯಾರೋ ಅಜ್ಜಿ 1955ರಲ್ಲಿ ತಮ್ಮ ಹಳೆಯ ಸಮವಸ್ತ್ರವನ್ನು ಒಮ್ಮೆ ಒಗೆದಿದ್ದರೂ ಅಸಲಿ ಬಿಲ್ಲೆ ಹೊಳೆದೀತು.

ಇಷ್ಟು ನೋಡಿಕೊಂಡು ಆಮೇಲೆ ಮುಂಭಾಗಕ್ಕೆ ಬನ್ನಿ. ನನ್ನ ಮಟ್ಟಿಗೆ ಈ ಹವ್ಯಾಸದ ಅತ್ಯಂತ ಸೊಗಸಾದ ಸರಣಿ ಅಮೆರಿಕದ ನಾಗರಿಕ ರಕ್ಷಣಾ ಕಚೇರಿಯದು. ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ಸ್ಥಾಪಿಸಿದ್ದು 1941ರ ಮೇ 20ರಂದು, ಪರ್ಲ್ ಹಾರ್ಬರ್ ದಾಳಿಗೆ ಆರು ತಿಂಗಳ ಮೊದಲೇ. ಮೊದಲ ಮುಖ್ಯಸ್ಥ ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ. ಲಾಂಛನ ಬರೆದವರು ಫಿಲಡೆಲ್ಫಿಯಾದ ಜಾಹೀರಾತು ಕಲಾವಿದ ಚಾರ್ಲ್ಸ್ ಕಾಯ್ನರ್. ನೀಲಿ ವೃತ್ತ, ಅದರೊಳಗೆ ಬಿಳಿ ತ್ರಿಕೋನ, ತ್ರಿಕೋನದ ನಡುವೆ ಕೆಂಪಿನಲ್ಲಿ ಆಯಾ ದಳದ ಗುರುತು. ವೃತ್ತ, ತ್ರಿಕೋನಗಳನ್ನು ಮುಟ್ಟದೆ ನಡುವಿನ ಗುರುತನ್ನಷ್ಟೇ ಬದಲಿಸುತ್ತಾ ಹೋದರು. ವಾಯುದಾಳಿ ವಾರ್ಡನ್‌ಗೆ ಓರೆ ಪಟ್ಟಿಗಳು, ಸಂದೇಶ ಒಯ್ಯುವವನಿಗೆ ಮಿಂಚು, ಚಾಲಕನಿಗೆ ಚಕ್ರ, ಸಹಾಯಕ ಪೊಲೀಸನಿಗೆ ಗುರಾಣಿ. ತುರ್ತು ಊಟ ವಸತಿಯ ದಳಕ್ಕೆ ಹಬೆಯಾಡುವ ಕಪ್! ಹೊಗೆ ತುಂಬಿದ ಬೀದಿಯಲ್ಲಿ, ಅಕ್ಷರ ಬಾರದವರಿಗೂ ದೂರದಿಂದಲೇ ಯಾರು ಯಾವ ಕೆಲಸದವರೆಂದು ತಿಳಿಯಬೇಕು. ಆ ಗುರಿಯನ್ನು ಇಷ್ಟು ಕಡಿಮೆ ಗೆರೆಗಳಲ್ಲಿ ಸಾಧಿಸಿದ ಇನ್ನೊಂದು ಸರಣಿಯನ್ನು ನಾನು ಕಂಡಿಲ್ಲ.

ಮಾರುವವರು ಹೆಚ್ಚು ಎಡವುವುದು ದಾದಿಯರ ಬಿಲ್ಲೆಗಳಲ್ಲಿ. ‘ಯುದ್ಧಕಾಲದ ನರ್ಸ್ ಪ್ಯಾಚ್’ ಎಂಬ ಒಂದೇ ಚೀಟಿ ಹಚ್ಚಿ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿಬಿಡುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ. ನೀಲಿ ವೃತ್ತದ ತ್ರಿಕೋನದೊಳಗೆ ಕೆಂಪು ಶಿಲುಬೆಯಿದ್ದರೆ ಅದು ಸ್ವಯಂಸೇವಕ ದಾದಿ ಸಹಾಯಕಿಯದು. ರೆಡ್ ಕ್ರಾಸ್ ಮತ್ತು ನಾಗರಿಕ ರಕ್ಷಣಾ ಕಚೇರಿ ಸೇರಿ ನಡೆಸಿದ ದಳ ಅದು. 80 ಗಂಟೆಗಳ ತರಬೇತಿ ಪಡೆದ ಗೃಹಿಣಿಯರು, ಗುಮಾಸ್ತೆಯರು ಆಸ್ಪತ್ರೆಗೆ ಹೋಗಿ ಸಂಬಳವಿಲ್ಲದೆ ಹಾಸಿಗೆ ಹಾಸುತ್ತಿದ್ದರು, ರೋಗಿಗಳ ಮೈ ಒರೆಸುತ್ತಿದ್ದರು, ಊಟ ಕೊಡುತ್ತಿದ್ದರು.

ಕೆಂಪು ನೆಲದ ಮೇಲೆ ಬೆಳ್ಳಿ ಬಣ್ಣದ, ಎಂಟು ಮೊನೆಯ ಮಾಲ್ಟೀಸ್ ಶಿಲುಬೆ ಇದ್ದರೆ ಕಥೆಯೇ ಬೇರೆ. ಅದು ಕೆಡೆಟ್ ನರ್ಸ್ ದಳದ್ದು. ಅಮೆರಿಕದ ಕಾಂಗ್ರೆಸ್ ಸದಸ್ಯೆ ಫ್ರಾನ್ಸಿಸ್ ಪೇನ್ ಬೋಲ್ಟನ್ ಅವರ ಹೆಸರಿನ 1943ರ ಕಾಯ್ದೆಯಿಂದ ಹುಟ್ಟಿದ ದಳ ಇದು. ಸರ್ಕಾರವೇ ಶುಲ್ಕ ಕಟ್ಟಿ, ಕೈಖರ್ಚಿಗೂ ಕೊಟ್ಟು, 36 ತಿಂಗಳ ವ್ಯಾಸಂಗವನ್ನು 30ಕ್ಕೆ ಇಳಿಸಿ ಹುಡುಗಿಯರನ್ನು ಪೂರ್ಣ ಪ್ರಮಾಣದ ದಾದಿಯರನ್ನಾಗಿ ಮಾಡಿತು. 1948ರಲ್ಲಿ ದಳ ಮುಚ್ಚುವ ಹೊತ್ತಿಗೆ ಕಲಿತು ಹೊರಬಂದವರು ಸುಮಾರು 1,24,000. ಕಾಯ್ದೆಯಲ್ಲೇ ಜನಾಂಗಭೇದಕ್ಕೆ ನಿಷೇಧವಿದ್ದುದರಿಂದ ಕಪ್ಪು ವರ್ಣೀಯ ಹುಡುಗಿಯರು, ಜಪಾನಿ ಮೂಲದ ಹುಡುಗಿಯರೂ ಈ ಬಿಲ್ಲೆ ತೊಟ್ಟರು. ಬೂದು ಬಣ್ಣದ ಸಮವಸ್ತ್ರದ ಭುಜದಲ್ಲಿ ಕೆಂಪು ಪಟ್ಟಿ, ತಲೆಯಲ್ಲಿ ಬೂದು ಬೆರೆ ಟೋಪಿ, ಎಡತೋಳಿನಲ್ಲಿ ಈ ಶಿಲುಬೆ. ಸಹಾಯಕ ಅಗ್ನಿಶಾಮಕರ ಬಿಲ್ಲೆಯಲ್ಲೂ ಮಾಲ್ಟೀಸ್ ಶಿಲುಬೆಯೇ ಇದೆ, ಆದರೆ ಅಲ್ಲಿ ನೀಲಿ ವೃತ್ತ, ಬಿಳಿ ತ್ರಿಕೋನ ತಪ್ಪುವುದಿಲ್ಲ. ಅಷ್ಟು ನೆನಪಿದ್ದರೆ ಗೊಂದಲವಾಗದು.

ಇನ್ನೊಂದು ಬಲೆ ಇದೆ. ಯುದ್ಧ ಮುಗಿದ ಮೇಲೆ, ಅಣುಬಾಂಬಿನ ಭಯದ 1950ರ ದಶಕದಲ್ಲಿ, ಅಮೆರಿಕ ಇದೇ ವೃತ್ತ ತ್ರಿಕೋನವನ್ನು ಮತ್ತೆ ಬಳಕೆಗೆ ತಂದಿತು. ನಡುವೆ ‘ಸಿಡಿ’ (ಸಿವಿಲ್ ಡಿಫೆನ್ಸ್) ಎಂಬ ಕೆಂಪು ಅಕ್ಷರಗಳಷ್ಟೇ ಇರುವ, ಮೇಲೆ ಊರಿನದೋ ರಾಜ್ಯದ್ದೋ ಹೆಸರಿರುವ ಬಿಲ್ಲೆಗಳಲ್ಲಿ ಬಹಳಷ್ಟು ಆ ಕಾಲದವು. ಅವು ನಕಲಿಯಲ್ಲ, ಕಾಲ ಬೇರೆ. ಬೆಲೆಯೂ ಬೇರೆಯಾಗಬೇಕು.

ಬ್ರಿಟನ್ನಿನ ಬಿಲ್ಲೆಗಳಲ್ಲಿ ಕಿರೀಟ ನೋಡಬೇಕು. ವಾಯುದಾಳಿ ಮುನ್ನೆಚ್ಚರಿಕೆ ದಳದವರಿಗೆ ಮೊದಲು ಕಡುನೀಲಿ ಬಟ್ಟೆಯ ಮೇಲೆ ಕೆಂಪು ದಾರದ ‘ಎಆರ್‌ಪಿ’ ಅಕ್ಷರಗಳಿದ್ದವು. 1941ರಲ್ಲಿ ಸೇವೆಯ ಹೆಸರು ಸಿವಿಲ್ ಡಿಫೆನ್ಸ್ ಎಂದಾದ ಮೇಲೆ ಹಳದಿ ದಾರದ ‘ಸಿಡಿ’, ಅದರ ಮೇಲೊಂದು ಕಿರೀಟ. ರಾಜನ ಕಾಲದ ಕಿರೀಟದ ಕಮಾನುಗಳು ಗುಮ್ಮಟದಂತೆ ದುಂಡಗೆ ಏರುತ್ತವೆ. ಎಲಿಜಬೆತ್ ರಾಣಿಯ ಕಾಲದ್ದರಲ್ಲಿ ನಡುವೆ ತಗ್ಗಿರುತ್ತದೆ. ತಗ್ಗಿದ್ದರೆ ಅದು ಯುದ್ಧಕಾಲದ್ದಲ್ಲ, ಅನುಮಾನವೇ ಬೇಡ. ದುಂಡಗಿದ್ದರೆ ಮಾತ್ರ ಅವಸರ ಸಲ್ಲದು, ಏಕೆಂದರೆ ಅಲ್ಲಿ ಸಿವಿಲ್ ಡಿಫೆನ್ಸ್ ದಳ 1949ರಲ್ಲಿ ಮತ್ತೆ ಹುಟ್ಟಿತು, ಆಗಿನ್ನೂ ಆರನೆಯ ಜಾರ್ಜ್ ಬದುಕಿದ್ದರು. ಲೋಹದ ‘ಎಆರ್‌ಪಿ’ ಬಿಲ್ಲೆ ಸಿಕ್ಕರೆ ಕೆಲಸ ಇನ್ನೂ ಸುಲಭ. ಶಿಲ್ಪಿ ಎರಿಕ್ ಗಿಲ್ ವಿನ್ಯಾಸಗೊಳಿಸಿದ ಅದನ್ನು ಮೊದಲ ವರ್ಷಗಳಲ್ಲಿ ಬೆಳ್ಳಿಯಲ್ಲೇ ಮಾಡುತ್ತಿದ್ದರು. ಅದರಲ್ಲಿರುವ ಲಂಡನ್ ಹಾಲ್‌ಮಾರ್ಕಿನ ಅಕ್ಷರವೇ ವರ್ಷ ಹೇಳುತ್ತದೆ. ಗುಂಡಿಮನೆಗೆ ಸಿಕ್ಕಿಸುವಂಥದ್ದು ಗಂಡಸರದು, ಪಿನ್ ಇರುವುದು ಹೆಂಗಸರದು.

ನಮ್ಮ ದೇಶದ ದರ್ಜಿಗಳ ಕೈಯೂ ಈ ಲೋಕದಲ್ಲಿದೆ. ಚೀನಾ–ಬರ್ಮಾ–ಇಂಡಿಯಾ ರಣರಂಗದ ಅಮೆರಿಕನ್ನರು ತೊಡುತ್ತಿದ್ದ ಬಿಲ್ಲೆಯಲ್ಲಿ ಕೆಂಪು ಬಿಳಿ ಪಟ್ಟಿ, ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ. ಅಸ್ಸಾಮಿನ ಮಾರ್ಗೆರಿಟಾದ 20ನೆಯ ಜನರಲ್ ಆಸ್ಪತ್ರೆಯಂಥ ಕಡೆ ದುಡಿದ ಸೇನಾ ದಾದಿಯರದೂ ಇದೇ ರಣರಂಗ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಿಮಾನ ರಿಪೇರಿಗೆ ಬಂದ ಅಮೆರಿಕನ್ನರದೂ ಇದೇ. ಇಲ್ಲಿ ಹೊಲಿಸಿದ ಬಿಲ್ಲೆಗಳನ್ನು ಕಣ್ಣುಮುಚ್ಚಿ ಸವರಿದರೂ ಗುರುತಿಸಬಹುದು. ಜರಿಯ ಸುರುಳಿಗಳು ಬೆರಳಿಗೆ ಒರಟಾಗಿ ತಾಗುತ್ತವೆ, ಪಟ್ಟಿಗಳ ಅಗಲ ಒಂದರಂತೆ ಒಂದಿಲ್ಲ, ನಕ್ಷತ್ರದ ಒಂದು ಮೊನೆ ಉದ್ದ, ಒಂದು ಮೋಟು. ಜರಿ ಕಪ್ಪಾಗಿದ್ದರೆ ದಯವಿಟ್ಟು ಉಜ್ಜಬೇಡಿ. ಬೆಳ್ಳಿ ಪಾಲಿಶ್ ತಾಗಿದರೆ ಎಳೆಗಳೇ ಕಿತ್ತುಬರುತ್ತವೆ, ಕೆಳಗಿನ ಬಟ್ಟೆಗೂ ಕಲೆ ಹಿಡಿಯುತ್ತದೆ.

ಕೊನೆಗೆ, ಸಮವಸ್ತ್ರದ ಸಮೇತ ಬಿಲ್ಲೆ ಸಿಕ್ಕವರಲ್ಲಿ ಒಂದು ಕೋರಿಕೆ. ಬಿಡಿಯಾಗಿ ಮಾರಿದರೆ ಬೇಗ ಹೋಗುತ್ತದೆಂದು ಎಷ್ಟೋ ವ್ಯಾಪಾರಿಗಳು ತೋಳಿನಿಂದ ಬಿಲ್ಲೆ ಬಿಚ್ಚುತ್ತಾರೆ. ಮನೆಯಲ್ಲೇ ಕೂತು ಕೈಯಲ್ಲಿ ಹಾಕಿದ ಹೊಲಿಗೆ, ದಾರದ ಬಣ್ಣ, ಬಿಲ್ಲೆಯ ಕೆಳಗೆ ಮಾಸದೆ ಉಳಿದ ಬಟ್ಟೆಯ ಮೂಲ ಬಣ್ಣ, ಇವೆಲ್ಲ ಕಾಲನಿರ್ಣಯಕ್ಕೆ ಬೇಕಾದ ಸಾಕ್ಷಿಗಳು. ಕತ್ತರಿ ಆಡಿಸಬೇಡಿ. ಕೊಳ್ಳುವವರೂ, ಎರಡು ಕಾಸು ಹೆಚ್ಚಾದರೂ ಸರಿ, ಅಂಗಿಯ ಸಮೇತವೇ ಕೊಳ್ಳಿ.