ಮನೆಮಂದಿಯೆಲ್ಲ ವಂಡರ್‌ಲಾಗೆ ಹೊರಟಾಗ

ದಸರಾ ರಜೆ, ಬೇಸಿಗೆ ರಜೆ ಹತ್ತಿರವಾದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಮಕ್ಕಳು ಹಟ ಹಿಡಿಯುವ ಹೆಸರು ಬಿಡದಿಯ ಥೀಮ್ ಪಾರ್ಕು ವಂಡರ್‌ಲಾ. ಶಾಲೆಯ ಪ್ರವಾಸದಲ್ಲಿ ಹೋಗಿಬಂದವರು ಹೋಗದವರಿಗೆ ಹೇಳುತ್ತಾರೆ, ಹೋಗದವರು ಅಪ್ಪನಿಗೆ ದುಂಬಾಲು ಬೀಳುತ್ತಾರೆ. ಕೊನೆಗೊಂದು ದಿನ ಟೆಂಪೊ ಟ್ರಾವೆಲರ್ ಗೊತ್ತುಮಾಡಿ ಮನೆಮಂದಿಯೆಲ್ಲ ನಸುಕಿಗೇ ಬಿಡದಿಗೆ ಹೊರಡುತ್ತಾರೆ. ಇದು ನಮ್ಮ ಕಡೆ ಈಗ ರೂಢಿಯೇ ಆಗಿದೆ. ಒಂದು ಸಿನಿಮಾ ಹೇಗಿದೆ ಎಂದು ನಾಲ್ಕು ಜನರನ್ನು ಕೇಳಿ ಹೋಗುವ ನಾವು, ಮನೆಯ ಉಳಿತಾಯದ ದೊಡ್ಡ ಪಾಲನ್ನೂ ಎಲ್ಲರ ಒಂದು ಪೂರ್ತಿ ದಿನವನ್ನೂ ತೆಗೆದುಕೊಳ್ಳುವ ಈ ರೂಢಿಯನ್ನು ಮಾತ್ರ ತೂಗಿ ನೋಡುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪಾರ್ಕು ಒಳ್ಳೆಯದು, ನಾವು ಅಲ್ಲಿಗೆ ಹೊರಡುವ ಕ್ರಮ ಸರಿಯಿಲ್ಲ. ಯಾವ ಆಟ ಆಡಬೇಕು ಎಂಬ ಪಟ್ಟಿಯಿಂದ ನಾವು ಲೆಕ್ಕ ಶುರುಮಾಡುತ್ತೇವೆ. ಮನೆಯಲ್ಲಿ ಆಟ ಆಡಲಾಗದವರು ಯಾರು ಎಂಬಲ್ಲಿಂದ ಶುರುಮಾಡಬೇಕು.

ಅಮೆರಿಕದ ಥೀಮ್ ಪಾರ್ಕು ಡಿಸ್ನಿಲ್ಯಾಂಡಿನ ಕಲ್ಪನೆ ಹುಟ್ಟಿದ್ದೂ ಅಲ್ಲಿಂದಲೇ. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನ ತಿರುಗುವ ಕುದುರೆಗಳ ಮೇಲೆ ಕೂರಿಸಿ, ತಾನು ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಆಡುವ ಜಾಗ ಯಾಕಿರಬಾರದು ಎಂದು ಆಗ ಅನ್ನಿಸಿದ್ದನ್ನು ಅವನೇ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ನಮ್ಮ ದೇಶದಲ್ಲಿ ದೆಹಲಿಯ ಅಪ್ಪು ಘರ್ 1984ರಲ್ಲಿ, ಮುಂಬೈನ ಎಸ್ಸೆಲ್ ವರ್ಲ್ಡ್ 1989ರಲ್ಲಿ ಶುರುವಾದವು. ವಿ-ಗಾರ್ಡ್ ಸ್ಟೆಬಿಲೈಸರ್ ಕಂಪನಿ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದರು. 2005ರಲ್ಲಿ ಮೈಸೂರು ರಸ್ತೆಯ ಬಿಡದಿ ಬಳಿ ಸುಮಾರು 82 ಎಕರೆಯಲ್ಲಿ ಅವರದೇ ವಂಡರ್‌ಲಾ ಬಂತು. ಬಿಡದಿಯ ದಾರಿ ನಮ್ಮವರಿಗೆ ಹೊಸದೇನಲ್ಲ. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಬೆಲೆ ಸಿಗದಿದ್ದಾಗ ರೇಷ್ಮೆ ಗೂಡು ಹೊತ್ತು ರಾಮನಗರಕ್ಕೆ ಹೋಗುವ ರೈತರು ಅದೇ ದಾರಿಯಲ್ಲಿ ಹೋಗುತ್ತಾರೆ.

ಪಾರ್ಕಿನಲ್ಲಿ ಎರಡು ಲೋಕಗಳಿವೆ, ನೆಲದ ಆಟಗಳು ಮತ್ತು ನೀರಿನ ಆಟಗಳು. ಎರಡನ್ನೂ ಬೇರೆಬೇರೆಯಾಗಿಯೇ ತೂಗಬೇಕು. ನೆಲದ ಆಟಗಳಲ್ಲಿ ಹೆಸರುವಾಸಿ ರಿಕಾಯಿಲ್. ಮುಂದಕ್ಕೆ ಎಸೆದು, ತಲೆಕೆಳಗು ಸುತ್ತಿಸಿ, ಅದೇ ಹಳಿಯ ಮೇಲೆ ಹಿಂದುಹಿಂದಕ್ಕೆ ಎಳೆದು ತರುವ ರೋಲರ್ ಕೋಸ್ಟರ್ ಅದು. ಹದಿನಾರರ ಹುಡುಗನಿಗೆ ಇದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ, ಅದನ್ನು ಕಡಿಮೆಮಾಡಿ ಹೇಳುವುದು ತಪ್ಪು. ಆದರೆ ಇಲ್ಲಿ ಎಲ್ಲವೂ ಎತ್ತರದ ಲೆಕ್ಕ. ಮಕ್ಕಳ ಟಿಕೆಟ್ಟೂ ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂಟಿಮೀಟರಿಗಿಂತ ಗಿಡ್ಡ ಮಗುವಿಗೆ ಟಿಕೆಟ್ ಬೇಕಿಲ್ಲ, 140ರವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಎತ್ತರದವರಿಗೆ ದೊಡ್ಡವರ ಟಿಕೆಟ್. ಮೈ ನಡುಗಿಸುವ ದೊಡ್ಡ ಆಟಗಳಲ್ಲಿ ಹೆಚ್ಚಿನವು ಆ 140ನ್ನೇ ಕೇಳುತ್ತವೆ. ಗರ್ಭಿಣಿಯರಿಗೆ, ಹೃದಯದ ತೊಂದರೆ, ರಕ್ತದೊತ್ತಡ, ಬೆನ್ನುನೋವು ಇರುವವರಿಗೆ ಅವು ಸಲ್ಲವು. ಈ ನಿಯಮಗಳು ಜೀವ ಕಾಯುವುದಕ್ಕೆಂದೇ ಇರುವಂಥವು, ಅವುಗಳ ಮೇಲೆ ದೂರಿಲ್ಲ. ಆದರೆ ಪರಿಣಾಮ ನೋಡಿ. ಅಣ್ಣ ಒಳಗೆ, ತಂಗಿ ಹೊರಗೆ. ಅಪ್ಪ ಅಣ್ಣನ ಜೊತೆ ಸಾಲಿನಲ್ಲಿ, ಅಮ್ಮ ಅಳುವ ತಂಗಿಯ ಜೊತೆ ನೆರಳು ಹುಡುಕುತ್ತ. ಒಟ್ಟಿಗೆ ಬಂದ ಮನೆ ಗೇಟು ದಾಟಿದ ಅರ್ಧ ಗಂಟೆಯಲ್ಲೇ ಮೂರು ಗುಂಪಾಗುತ್ತದೆ. ಡಿಸ್ನಿ ಕೂತಿದ್ದ ಬೆಂಚಿನ ಮೇಲೆ ಈಗ ನಮ್ಮ ಅಜ್ಜಿಯರು ಕೂತಿರುತ್ತಾರೆ, ಅದೂ ಟಿಕೆಟ್ ಕೊಟ್ಟು. ಹಿರಿಯರಿಗೆ ರಿಯಾಯಿತಿ ಇದೆ ನಿಜ, ಆದರೆ ರಿಯಾಯಿತಿ ಪಡೆದು ಮಾಡುವುದು ಚಪ್ಪಲಿ, ಚೀಲ, ಮೊಬೈಲು ಕಾಯುವ ಕೆಲಸ.

ನೀರಿನ ಕಡೆ ಕಥೆ ಬೇರೆ. ಅಲೆಗಳ ಕೊಳ, ಮೆಲ್ಲಗೆ ತೇಲಿಸಿಕೊಂಡು ಹೋಗುವ ಕಾಲುವೆ, ಹಾಡು ಬೆಳಕಿನ ನಡುವೆ ಬಿಸಿನೀರಿನ ಮಳೆ ಸುರಿಯುವ ರೇನ್ ಡಿಸ್ಕೊ ಇವು ಯಾರನ್ನೂ ಎತ್ತರ ಅಳೆದು ಅಷ್ಟಾಗಿ ಬೇರ್ಪಡಿಸುವುದಿಲ್ಲ. ಐದು ವರ್ಷದ ಮಗುವೂ ಐವತ್ತರ ಅತ್ತೆಯೂ ಒಂದೇ ಅಲೆಗೆ ಹೆದರಿ ಒಬ್ಬರ ಕೈ ಒಬ್ಬರು ಹಿಡಿಯುತ್ತಾರೆ. ಥೀಮ್ ಪಾರ್ಕಿನ ಮೂಲ ಆಸೆ ನೆರವೇರುವುದು ಇಲ್ಲೇ ಎಂದು ನನ್ನ ನಂಬಿಕೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳ ಮಟ್ಟಿಗೆ ಅದರಲ್ಲಿ ಇನ್ನೊಂದು ಮಾತೂ ಇದೆ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಸೀಮೆ ಇದು. ಸಾವಿರ ಅಡಿ ಮೀರಿ ಕೊರೆದರೂ ಬೋರ್‌ವೆಲ್ಲಿನಲ್ಲಿ ನೀರು ಬರುವ ಭರವಸೆಯಿಲ್ಲ. ಎಚ್.ಎನ್. ವ್ಯಾಲಿ ಮತ್ತು ಕೆ.ಸಿ. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆರೆ ತುಂಬಿದರೂ ಆ ನೀರಿಗೆ ಮಕ್ಕಳನ್ನು ಇಳಿಸಲು ತಾಯಂದಿರಿಗೆ ಮನಸ್ಸು ಬರುವುದಿಲ್ಲ. ಹಿಂದಿನವರು ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತರು. ಇವತ್ತಿನ ಮಗು ಎದೆಮಟ್ಟದ ನೀರನ್ನು ಮೊದಲ ಸಲ ನೋಡುವುದು ಬಿಡದಿಯ ಅಲೆಕೊಳದಲ್ಲಿ. ಅದು ಸಣ್ಣ ಸಂತೋಷವಲ್ಲ.

ಆ ಸಂತೋಷದ ಬಾಗಿಲಲ್ಲೂ ಒಂದು ತಡೆಯಿದೆ, ಅದು ತಟ್ಟುವುದು ಹೆಚ್ಚಾಗಿ ಹೆಂಗಸರಿಗೆ. ಸೀರೆ, ದುಪಟ್ಟ, ಸಡಿಲವಾದ ಹತ್ತಿ ಬಟ್ಟೆ ಹಾಕಿಕೊಂಡು ನೀರಿನ ಆಟಕ್ಕೆ ಇಳಿಯುವಂತಿಲ್ಲ, ನೈಲಾನಿನ ಬಟ್ಟೆಯೇ ಬೇಕು. ಸಡಿಲ ಬಟ್ಟೆ ಜಾರುಬಂಡೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹತ್ತಿಯ ಎಳೆ ನೀರು ಸೋಸುವ ಯಂತ್ರಕ್ಕೆ ಸೇರುತ್ತದೆ. ಕಾರಣ ಒಪ್ಪತಕ್ಕದ್ದೇ. ಆದರೆ ಇದು ಗೊತ್ತಾಗುವುದು ಅಲ್ಲಿಗೆ ಹೋದ ಮೇಲೆ. ಆಗ ಒಳಗಿನ ಅಂಗಡಿಯಲ್ಲಿ ಹೊಸ ಬಟ್ಟೆ ಕೊಳ್ಳಬೇಕು, ಇಲ್ಲವೇ ದಡದಲ್ಲಿ ನಿಲ್ಲಬೇಕು. ಖರ್ಚು ಯಾಕೆ ಎಂದು ನಮ್ಮ ಅಮ್ಮಂದಿರು ದಡವನ್ನೇ ಆರಿಸಿಕೊಳ್ಳುತ್ತಾರೆ. ತುಂಬು ತೋಳಿನ, ಮೊಣಕಾಲು ದಾಟುವ ನೈಲಾನ್ ಉಡುಪು ಊರಿನ ಅಂಗಡಿಯಲ್ಲೇ ಸಿಗುತ್ತದೆ. ಹೊರಡುವ ಹಿಂದಿನ ವಾರ ಅಮ್ಮನಿಗೂ ಅತ್ತೆಗೂ ಅದನ್ನು ತಂದಿಟ್ಟರೆ, ಆ ದಿನದ ಅರ್ಧ ಯೋಜನೆ ಮುಗಿದಂತೆ. ಮಕ್ಕಳ ಬಟ್ಟೆ ಯಾರೂ ಮರೆಯುವುದಿಲ್ಲ. ಮರೆಯುವುದು ಇವರದನ್ನು.

ಇದಕ್ಕಿಂತ ಮೊದಲಿನ ಪ್ರಶ್ನೆ ಮನೆಯಲ್ಲಿ ಉಳಿಯುವವರು ಯಾರು ಎಂಬುದು. ಪಟ್ಟಣದವರಿಗೆ ಭಾನುವಾರ ಬಿಡುವು. ರೇಷ್ಮೆ ಮನೆಗೆ, ಹಸು ಕಟ್ಟಿದ ಮನೆಗೆ ಭಾನುವಾರವೂ ಒಂದು ದಿನವೇ. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆಮೇಲಿನ ಒಂದು ವಾರದಲ್ಲೇ ತಿನ್ನುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ದಿನ ಮನೆಯ ಒಂದು ಕೈಯೂ ಬಿಡುವಾಗುವುದಿಲ್ಲ. ಡೇರಿಗೆ ಬೆಳಿಗ್ಗೆ ಹಾಲು, ಸಂಜೆ ಹಾಲು. ಹೀಗಿರುವಾಗ ಶಾಲೆಯ ರಜೆ ನೋಡಿ ದಿನ ಗೊತ್ತುಮಾಡಿದರೆ ಯಾರೋ ಒಬ್ಬರು ಉಳಿಯಲೇಬೇಕಾಗುತ್ತದೆ. ಉಳಿಯುವವರು ಬಹುತೇಕ ಸೊಸೆ, ಇಲ್ಲವೇ ಅಜ್ಜ. ಮತ್ತೆ ಮುಂದಿನ ಸಲವೂ ಅವರೇ. ಈ ಲೆಕ್ಕವನ್ನು ಬಾಯಿಬಿಟ್ಟು ಮಾತಾಡುವ ಮನೆ ಕಡಿಮೆ. ಗೂಡು ಮಾರಿ, ಮನೆ ತೊಳೆದು, ಮುಂದಿನ ಚಾಕಿ ಮರಿಹುಳು ಬರುವ ತನಕ ಸಿಗುವ ನಡುವಿನ ದಿನಗಳೇ ರೇಷ್ಮೆಯವರ ನಿಜವಾದ ರಜೆ. ಶಾಲೆಗೆ ಒಂದು ದಿನ ಚಕ್ಕರ್ ಹಾಕಿಸಿಯಾದರೂ ಆ ದಿನವನ್ನೇ ಹಿಡಿಯುವುದು ನ್ಯಾಯ. ಹಾಲು ಕರೆಯುವುದಕ್ಕೆ ಪಕ್ಕದ ಮನೆಯವರನ್ನು ಕೇಳಬಹುದು. ಅವರು ಹೊರಟ ದಿನ ಇವರು ಕರೆದುಕೊಟ್ಟರಾಯಿತು. ವಾರದ ದಿನ ಹೋದರೆ ಜನಸಂದಣಿ ಕಡಿಮೆ ಎಂಬ ಲಾಭವೂ ಇದೆ. ಆದರೆ ಡಿಸೆಂಬರ್, ಜನವರಿಯ ವಾರದ ದಿನಗಳು ಶಾಲಾ ಪ್ರವಾಸದ ಬಸ್ಸುಗಳಿಂದ ತುಂಬಿರುತ್ತವೆ. ಆ ತಿಂಗಳುಗಳನ್ನು ಬಿಡುವುದು ಒಳ್ಳೆಯದು.

ದಾರಿಯೂ ಸಣ್ಣದಲ್ಲ. ಚಿಕ್ಕಬಳ್ಳಾಪುರದಿಂದ ಬಿಡದಿಗೆ ಸುಮಾರು 90 ಕಿಲೋಮೀಟರ್, ಚಿಂತಾಮಣಿ, ಗೌರಿಬಿದನೂರಿನಿಂದ ನೂರರ ಆಸುಪಾಸು. ಬೆಂಗಳೂರಿನ ಹೆಬ್ಬಾಳದ ದಟ್ಟಣೆಗೆ ಸಿಕ್ಕಿದರೆ ಮೂರು ಗಂಟೆಯೂ ಸಾಲದು. ಪಾರ್ಕು ತೆರೆಯುವುದು ಸಾಮಾನ್ಯವಾಗಿ ಹನ್ನೊಂದರ ಹೊತ್ತಿಗೆ, ಮುಚ್ಚುವುದು ಸಂಜೆ. ಅಂದರೆ ಆಟಕ್ಕೆ ಸಿಗುವಷ್ಟೇ ಹೊತ್ತು ಹೆಚ್ಚುಕಡಿಮೆ ದಾರಿಗೂ ಹೋಗುತ್ತದೆ. ಗಾಡಿಯಲ್ಲಿ ಹೋಗುವ ಗೌರಿಬಿದನೂರಿನವರು ದೊಡ್ಡಬಳ್ಳಾಪುರ, ನೆಲಮಂಗಲದ ಮೇಲೆ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆ ಸೇರಬಹುದು, ಊರೊಳಗೆ ನುಗ್ಗುವ ಗೋಜಿಲ್ಲ. ಗಾಡಿಯಿಲ್ಲದವರಿಗೂ ದಾರಿ ಇದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮೆಜೆಸ್ಟಿಕ್ಕಿನಿಂದ ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೆ ಓಡುತ್ತಿದೆ, ಅಲ್ಲಿಂದ ಬಿಡದಿ ದೂರವಿಲ್ಲ. ಅಜ್ಜಿ ಮೆಟ್ರೊ ಹತ್ತುವುದೂ ಆ ದಿನದ ಒಂದು ಆಟವೇ ಆಗಬಹುದು. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಆದ್ದರಿಂದ ಬುತ್ತಿಯ ಪುಳಿಯೋಗರೆ, ಚಪಾತಿಯನ್ನು ಗೇಟಿನ ಹೊರಗೇ ಹೊಟ್ಟೆತುಂಬ ತಿಂದು ಒಳಗೆ ಹೋಗುವುದು ಜಾಣತನ. ದುಪ್ಪಟ್ಟಿನ ಹತ್ತಿರದ ಬೆಲೆ ಕೊಟ್ಟು ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಮನೆಮಂದಿಗೆಲ್ಲ ಬೇಕಿಲ್ಲ. ನೀರಿನಲ್ಲೇ ಹೆಚ್ಚು ಹೊತ್ತು ಕಳೆಯುವವರಿಗೆ ಅದು ದಂಡ.

ಥೀಮ್ ಪಾರ್ಕಿಗೆ ಹೋಲಿಸಲು ನಮ್ಮಲ್ಲೇ ಒಂದು ಹಳೆಯ ಮಾದರಿ ಇದೆ, ಅದು ಜಾತ್ರೆ. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ತೇರು, ಚೈತ್ರದಲ್ಲಿ ವಿದುರಾಶ್ವತ್ಥದ ತೇರು. ಅಜ್ಜಿಗೆ ದೇವರು, ಅಮ್ಮನಿಗೆ ಬಳೆ ಅಂಗಡಿ, ಅಪ್ಪನಿಗೆ ನೆಂಟರ ಮಾತು, ಮಕ್ಕಳಿಗೆ ಜಾಯಿಂಟ್ ವೀಲು, ಎಲ್ಲರಿಗೂ ಕಡ್ಲೆಪುರಿ ಬತ್ತಾಸು. ಬೆಂಚು ಕಾಯುವವರು ಅಲ್ಲಿ ಯಾರೂ ಇಲ್ಲ. ಹಾಗೆಂದು ಜಾತ್ರೆಯೇ ಮೇಲು ಎಂದು ತೀರ್ಪು ಕೊಡುವುದಕ್ಕೆ ನಾನು ಸಿದ್ಧನಿಲ್ಲ. ಜಾತ್ರೆಯ ರಾಟೆ ಎಷ್ಟು ಭದ್ರ ಎಂದು ಕೇಳುವವರಿಲ್ಲ, ಹೆಂಗಸರಿಗೆ ಶುಚಿಯಾದ ಶೌಚಾಲಯ ಇರುವುದಿಲ್ಲ. ಬೆಲ್ಟು ಬಿಗಿಯಾಗಿದೆಯೇ ಎಂದು ಪ್ರತಿ ಸಲ ಕೈಯಿಟ್ಟು ನೋಡುವ ಸಿಬ್ಬಂದಿ, ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ ಇವುಗಳನ್ನು ದೊಡ್ಡ ಪಾರ್ಕಿನಿಂದ ಜಾತ್ರೆ ಕಲಿಯಬೇಕು. ಪಾರ್ಕು ಜಾತ್ರೆಯಿಂದ ಕಲಿಯಬೇಕಾದದ್ದು ಒಂದೇ, ಆಡದವರಿಗೂ ಅಲ್ಲೊಂದು ದಿನ ಇರಬೇಕು. ಆಟ ಆಡದ ಹಿರಿಯರಿಗೆ ಪ್ರವೇಶ ಮಾತ್ರದ ಅಗ್ಗದ ಟಿಕೆಟ್, ದೊಡ್ಡ ಆಟಗಳ ಪಕ್ಕದಲ್ಲೇ ಮರದ ನೆರಳಿನ ಕಟ್ಟೆ, ಹೆಂಗಸರಿಗೆ ಬಾಡಿಗೆಗೆ ತುಂಬು ಉಡುಪು. ಇವಕ್ಕೆ ಹೊಸ ಯಂತ್ರ ಬೇಕಿಲ್ಲ.

ಮನೆಯಲ್ಲಿ 140 ಸೆಂಟಿಮೀಟರ್ ದಾಟಿದ ಮಕ್ಕಳೇ ಹೆಚ್ಚಿದ್ದರೆ ವಂಡರ್‌ಲಾ ಕೊಟ್ಟ ಹಣಕ್ಕೆ ಮೋಸವಿಲ್ಲ. ಮಕ್ಕಳು ಐದಾರು ವರ್ಷದವರಾದರೆ ಕೆಲವು ವರ್ಷ ತಡೆದು ಹೋಗಿ. ಅಲ್ಲಿಯವರೆಗೆ ಅವರಿಗೆ ನಂದಿಯ ಬುಡದ ದೇವಸ್ಥಾನದ ಕಲ್ಯಾಣಿ, ಕೈವಾರದ ತಾತಯ್ಯನವರ ಮಠ, ಕೈಲಾಸಗಿರಿಯ ಗುಹೆಗಳು ಸಾಕು. ಬೆಳಿಗ್ಗೆ ಹಾಲು ಹಾಕಿ ಹೊರಟು ಸಂಜೆ ಹಾಲಿಗೆ ವಾಪಸಾಗಬಹುದು, ಸೊಸೆಯೂ ಬರಬಹುದು. ಮೂರು ತಲೆಮಾರು ಒಟ್ಟಿಗೆ ಬಿಡದಿಗೇ ಹೋಗಬೇಕೆಂದಿದ್ದರೆ ಬೆಳಿಗ್ಗೆ ದೊಡ್ಡ ಮಕ್ಕಳಿಗೆ ನೆಲದ ಆಟ ಬಿಟ್ಟುಕೊಡಿ, ನೀರಿನ ಆಟ ತೆರೆದ ಮೇಲೆ ಯಾರೂ ಯಾರನ್ನೂ ಬಿಟ್ಟು ಹೋಗುವುದು ಬೇಡ ಎಂದು ಮನೆಯಲ್ಲೇ ಮಾತು ಮಾಡಿಕೊಂಡು ಹೊರಡಿ. ಎಷ್ಟು ಆಟ ಮುಗಿಸಿದೆವು ಎಂದು ಎಣಿಸುವುದನ್ನು ಬಿಟ್ಟು, ಎಷ್ಟು ಹೊತ್ತು ಎಲ್ಲರೂ ಒಂದೇ ಕಡೆ ಇದ್ದೆವು ಎಂದು ಎಣಿಸಿದರೆ ಆ ದಿನ ಗೆದ್ದಿತೋ ಸೋತಿತೋ ತಾನೇ ತಿಳಿಯುತ್ತದೆ.