ಖಟ್ ಎನ್ನದ ಗೇರ್

ಮುಂಬೈ–ಪುಣೆ ಸೈಕಲ್ ರೇಸಿನ ನಿಜವಾದ ಪರೀಕ್ಷೆ ನಡೆಯುವುದು ಖೋಪೋಲಿ ದಾಟಿದ ಮೇಲೆ, ಬೋರ್ ಘಾಟಿಯಲ್ಲಿ. ಮೊದಲು ಏರಿದವನೇ ‘ಘಾಟಾಚಾ ರಾಜಾ’. ಆ ಏರಿನಲ್ಲಿ ಕಾಲಿನ ಕಸುವಿಗೆ ಜೊತೆಗೊಡುವುದು ಹಿಂದಿನ ಗಾಲಿಯ ಮಗ್ಗುಲಲ್ಲಿ ತೂಗುವ ಡಿರೇಲರ್. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು ಅದರ ಕೆಲಸ. ನನ್ನ ಮನಸ್ಸು ಸೋತಿರುವುದು ಇಟಲಿಯ ವಿಚೆಂಜಾದ ತುಲ್ಲಿಯೊ ಕಂಪನ್ಯೋಲೊ ಮಾಡಿದ ಹಳೆಯ ಡಿರೇಲರುಗಳಿಗೆ.

ಅವರ ‘ಕಾಂಬಿಯೊ ಕೊರ್ಸಾ’ದಲ್ಲಿ ಸೀಟಿನ ಹಿಂದೆ ಇಳಿಬಿದ್ದ ಎರಡು ಸರಳುಗಳು. ಸವಾರ ಓಡುವ ಸೈಕಲ್ಲಿನ ಮೇಲೇ ಕೈಯನ್ನು ಹಿಂದಕ್ಕೆ ಚಾಚಿ, ಒಂದರಿಂದ ಗಾಲಿಯ ಬಿಗಿ ಸಡಿಲಿಸಬೇಕು; ಪೆಡಲನ್ನು ಹಿಂದಕ್ಕೆ ತುಳಿಯುತ್ತ ಇನ್ನೊಂದರಿಂದ ಚೈನನ್ನು ಸರಿಸಬೇಕು; ಮತ್ತೆ ಬಿಗಿ ಮಾಡಬೇಕು. ಗಾಲಿಯೇ ಹಿಂದೆಮುಂದೆ ಜರುಗಿ ಚೈನಿನ ಸಡಿಲ ತೆಗೆಯುತ್ತಿತ್ತು. 1948ರ ಟೂರ್ ಡಿ ಫ್ರಾನ್ಸನ್ನು ಜಿನೊ ಬಾರ್ತಾಲಿ ಗೆದ್ದದ್ದು ಇದರಲ್ಲೇ. ಆಲ್ಪ್ಸ್‌ನ ಚಳಿಯಲ್ಲಿ ಈ ಕಸರತ್ತು ಮಾಡಿದ ಆ ಕೈಗಳಿಗೆ ನಮಸ್ಕಾರ.

ಐವತ್ತರ ದಶಕದ ಆರಂಭದಲ್ಲಿ ಬಂದ ‘ಗ್ರಾನ್ ಸ್ಪೋರ್ಟ್’ ಎಲ್ಲವನ್ನೂ ಬದಲಿಸಿತು. ನಾಲ್ಕು ಕೀಲುಗಳ ಸಮಾಂತರ ಚತುರ್ಭುಜ, ಎಳೆಯಲು ಒಂದು ಕೇಬಲ್, ಮರಳಿಸಲು ಒಂದು ಸ್ಪ್ರಿಂಗ್. ಇಂದಿನ ಡಿರೇಲರುಗಳ ಮೈಕಟ್ಟೂ ಬಹುಮಟ್ಟಿಗೆ ಅದೇ. 1967ರ ‘ನುವೊವೊ ರೆಕಾರ್ಡ್’ ಅದನ್ನೇ ಅಲ್ಯೂಮಿನಿಯಮ್ಮಿಗೆ ಇಳಿಸಿತು. ಅದರ ಲಿವರಿನಲ್ಲಿ ಮೆಟ್ಟಿಲುಗಳಿಲ್ಲ, ‘ಖಟ್’ ಎಂಬ ಸದ್ದಿಲ್ಲ. ಸ್ವಲ್ಪ ಹೆಚ್ಚೇ ಎಳೆದು, ಚೈನಿನ ಕರಕರ ನಿಲ್ಲುವವರೆಗೆ ಕಿವಿಗೊಟ್ಟು ಹಿಂದಕ್ಕೆ ಬಿಡಬೇಕು. ಈ ಶ್ರುತಿ ಹಿಡಿಯುವ ಸುಖ ಬಟನ್ನಿನ ಗೇರುಗಳಲ್ಲಿ ನನಗೆ ಸಿಕ್ಕಿಲ್ಲ.

ಹಾಗೆಂದು ಅದು ದೋಷವಿಲ್ಲದ್ದಲ್ಲ. ಹಲ್ಲುಚಕ್ರಗಳು ಗೋಪುರದಂತೆ ಓರೆಯಾಗಿ ಏರುತ್ತವೆ, ಇದು ಮಾತ್ರ ಅಡ್ಡಡ್ಡ ಚಲಿಸುತ್ತದೆ. ಓರೆಯಲ್ಲೇ ಚಲಿಸುವ ಚತುರ್ಭುಜವನ್ನು ಜಪಾನಿನ ಸನ್‌ಟೂರ್ 1964ರಲ್ಲೇ ಕಂಡುಕೊಂಡಿತ್ತು. ಅಡ್ಡಡ್ಡ ಚಲಿಸುವ ಇದಕ್ಕೆ ಹಿಂದೆ ತೀರ ದೊಡ್ಡ ಹಲ್ಲುಚಕ್ರ ಒಗ್ಗುವುದಿಲ್ಲ. ಮುಂದೆ 42, ಹಿಂದೆ 26 ಹಲ್ಲು ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 3.4 ಮೀಟರ್ ಸಾಗಬೇಕು. ಬೋರ್ ಘಾಟಿಯಲ್ಲಿ ಅದು ಮಂಡಿಗೆ ಭಾರವೇ.

ಮುಂಬೈಯ ಉಪ್ಪುಗಾಳಿಗೆ ಅಲ್ಯೂಮಿನಿಯಂ ಬಿಳಿಚಿಕೊಳ್ಳುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಚೈನ್ ಹಾಯುವ ಎರಡು ಪುಟ್ಟ ಚಕ್ರಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಚ್ಚಿ. ಹಳೆಯದನ್ನು ಕೊಳ್ಳುವವರು ಮೈಮೇಲಿನ ‘ಪೇಟೆಂಟ್’ ಮುದ್ರೆಯ ಪಕ್ಕದ ಅಂಕಿ ನೋಡಿ. 73 ಎಂದಿದ್ದರೆ ತಯಾರಿ 1973ರ ಆಸುಪಾಸಿನದು. ಹೊಳಪಿಗೆ ಮರುಳಾಗದೆ ಕೆಳಗಿನ ತೋಳನ್ನು ಹಿಡಿದು ಅಲ್ಲಾಡಿಸಿ. ಕೀಲು ಲೊಡಲೊಡ ಎಂದರೆ ಬಿಟ್ಟುಬಿಡಿ.