ಜಿಎಸ್‌ವಿ ಬಂದ್ ಮಾಡಬೇಡಿ

ಜಿಪಿಎಸ್ ರಿಸೀವರ್ ಕೈಗೆ ಬಂದ ಕೂಡಲೇ ಹಲವು ಹವ್ಯಾಸಿಗಳು ಮಾಡುವ ಮೊದಲ ಕೆಲಸ, ಅದು ಕಳಿಸುವ ಜಿಎಸ್‌ವಿ ಸಾಲುಗಳನ್ನು, ಅಂದರೆ ಕಾಣುವ ಉಪಗ್ರಹಗಳ ಪಟ್ಟಿಯನ್ನು, ಬಂದ್ ಮಾಡುವುದು. ಅಕ್ಷಾಂಶ, ರೇಖಾಂಶ, ವೇಗ ಸಿಕ್ಕರಾಯಿತು, ಯಾವ ಉಪಗ್ರಹ ಎಲ್ಲಿದೆ ಎಂಬ ಪಂಚಾಂಗ ಯಾರಿಗೆ ಬೇಕು ಅನ್ನುತ್ತಾರೆ. ಗುಜರಾತಿನಲ್ಲಂತೂ ಈ ವಾದ ನಿಲ್ಲುವುದಿಲ್ಲ, ಕಾರಣ ಅಲ್ಲಿನ ಆಕಾಶ. ಭೂಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಹಗಲಲ್ಲಿ ಅಲ್ಲಿ ಮೇಲೇರಿದ ಅಯಾನುಗೋಳದ ಎಲೆಕ್ಟ್ರಾನುಗಳು ಕಾಂತರೇಖೆಗುಂಟ ಇಳಿದು ದಟ್ಟೈಸುವುದು ಅಹಮದಾಬಾದಿನ ಆಸುಪಾಸಿನ ಆಕಾಶದಲ್ಲಿ. ವಡೋದರಾ, ಸೂರತ್ ಕೂಡ ಈ ಪಟ್ಟಿಯಿಂದ ದೂರವಿಲ್ಲ. ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ಸುತ್ತಮುತ್ತ, ಹೊತ್ತು ಮುಳುಗಿದ ಮೇಲೆ ಈ ಪದರದಲ್ಲಿ ಎಲೆಕ್ಟ್ರಾನು ವಿರಳವಾದ ಗುಳ್ಳೆಗಳೇಳುತ್ತವೆ; ಅವನ್ನು ಹಾಯ್ದು ಬರುವ ಸಿಗ್ನಲ್ ನಕ್ಷತ್ರದ ಹಾಗೆ ಮಿನುಗುತ್ತದೆ.

ಎಚ್‌ಡಿಒಪಿ ಎಂಬ ಒಂದೇ ಅಂಕೆ ಸಾಕಲ್ಲವೇ ಎಂದು ಕೇಳಬಹುದು. ಅದು ಲೆಕ್ಕಹಾಕುವುದು ಉಪಗ್ರಹಗಳು ಹರಡಿಕೊಂಡ ರೀತಿಯನ್ನು ಮಾತ್ರ, ಸಿಗ್ನಲ್ಲಿನ ಬಲವನ್ನಲ್ಲ. ಹಳೇ ಅಹಮದಾಬಾದಿನ ಪೋಳು ಎಂಬ ಇಕ್ಕಟ್ಟಾದ ಕೇರಿಗಳ ಓಣಿಯಲ್ಲಿ ಆಕಾಶವೇ ಒಂದು ಪಟ್ಟಿ, ನೆತ್ತಿಯ ಮೇಲಿನವಷ್ಟೇ ಕಾಣುತ್ತವೆ, ಎಚ್‌ಡಿಒಪಿ ಏರುತ್ತದೆ, ಅಂದರೆ ಕೆಡುತ್ತದೆ. ಅದೇ ಸಾಬರಮತಿಯ ದಂಡೆಯಲ್ಲಿ ಇಡೀ ಆಕಾಶ ಬಯಲು. ರಾತ್ರಿ ಎಂಟರ ಹೊತ್ತಿಗೆ ಅಂಕೆ ಚೆನ್ನಾಗಿಯೇ ಇದ್ದು, ಸ್ಥಾನ ಮಾತ್ರ ಅಲುಗಾಡಬಹುದು. ಕಾರಣ ಸಿಗುವುದು ಜಿಎಸ್‌ವಿಯಲ್ಲಿ. ಒಂದು ಸಾಲಿಗೆ ನಾಲ್ಕು ಉಪಗ್ರಹ. ಪ್ರತಿಯೊಂದಕ್ಕೂ ಸಂಖ್ಯೆ, ಎತ್ತರದ ಕೋನ, ದಿಕ್ಕು, ಬಲ. ತಗ್ಗಿನಲ್ಲಿರುವವೆಲ್ಲ ಸೊರಗಿದ್ದರೆ ಗೋಡೆಯ ಕೆಲಸ. ಮೇಲಿರುವ ಒಂದು ಉಪಗ್ರಹದ ಬಲ 45ರಿಂದ 30ಕ್ಕೆ ಕುಸಿದು ಮತ್ತೆ ಏರುತ್ತ, ಉಳಿದವು ಸ್ಥಿರವಾಗಿದ್ದರೆ ಅನುಮಾನ ಅಯಾನುಗೋಳದ ಮೇಲೆ.

ರಿಸೀವರಿನ ಸೀರಿಯಲ್ ಲೈನ್ ತುಂಬಿಹೋಗುತ್ತದೆ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. 9600 ಬಾಡ್‌ನಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರ. 32 ಉಪಗ್ರಹಗಳಿಗೆ ಎಂಟು ಸಾಲು, ಅದೇ ಐನೂರು ದಾಟುತ್ತದೆ. ಸೆಕೆಂಡಿಗೊಮ್ಮೆ ಆದರೆ ಹಿಡಿಸೀತು, ಐದು ಸಲ ಆಗದು. ಯು-ಬ್ಲಾಕ್ಸ್ ರಿಸೀವರುಗಳಲ್ಲಿ ಇದಕ್ಕೊಂದು ದರವಿದೆ: 0 ಕೊಟ್ಟರೆ ಬಂದ್, 1 ಕೊಟ್ಟರೆ ಪ್ರತಿ ಸಲ, 5 ಕೊಟ್ಟರೆ ಐದಕ್ಕೊಮ್ಮೆ. ಹಗಲಿಗೆ 5 ಸಾಕು. ಸಂಜೆಯ ಏರಿಳಿತ ಸೆಕೆಂಡುಗಳ ಆಟವಾದ್ದರಿಂದ 5ರ ಸಂದಿಯಲ್ಲಿ ನುಸುಳಿಹೋದೀತು. ಬಾಡ್ ಏರಿಸಿ 1ಕ್ಕೇ ಇಡುವುದು ಲೇಸು. ಜಿಪಿಎಸ್ ತಪ್ಪನ್ನು ಉಪಗ್ರಹದ ಮೂಲಕ ತಿದ್ದುವ ಭಾರತದ ವ್ಯವಸ್ಥೆ ಗಗನ್ ಇದೆಯಲ್ಲ, ಅದು ತಿದ್ದುತ್ತದಲ್ಲ ಅನ್ನುವವರೂ ಇದ್ದಾರೆ. ಅದರ ಅಳತೆಯ ಠಾಣೆಗಳಲ್ಲೊಂದು ಅಹಮದಾಬಾದಿನಲ್ಲೇ ಇದೆ, ನಿಯಂತ್ರಣ ಕೇಂದ್ರ ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಆದರೆ ಅದು ತಿದ್ದುವುದು ತಡವಾಗಿ ಬಂದ ಸಿಗ್ನಲ್ಲನ್ನು, ಕಳೆದೇಹೋದದ್ದನ್ನಲ್ಲ. ಮೇಲಾಗಿ ಗಗನ್ ಎಷ್ಟು ಬಲವಾಗಿ ಬರುತ್ತಿದೆ ಎಂದು ನೋಡಲೂ ಜಿಎಸ್‌ವಿಯೇ ಬೇಕು: ಸಂಖ್ಯೆಯಿಂದ 87 ಕಳೆದು ಬರೆಯುವ ಪದ್ಧತಿಯಂತೆ ಗಗನ್ ಹೊತ್ತ ಜಿಸ್ಯಾಟ್-8 ಉಪಗ್ರಹದ 127 ಅಲ್ಲಿ 40 ಆಗಿ, ಜಿಸ್ಯಾಟ್-10ರ 128 ಅಲ್ಲಿ 41 ಆಗಿ ಕಾಣುತ್ತದೆ.